ತೂಕ ಇಳಿಸುವ ಆಪರೇಶನ್ನಿನ ನಂತರದ ಊಟ: ಬೆಳಗಾವಿ–ಖಾನಾಪುರದ ತಟ್ಟೆಯಲ್ಲಿ

ಜಠರವನ್ನು ಕಿರಿದು ಮಾಡಿ ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ವೈದ್ಯರು ಬೇರಿಯಾಟ್ರಿಕ್ ಸರ್ಜರಿ ಎನ್ನುತ್ತಾರೆ. ಅದಾದ ಮೇಲೆ ರೋಗಿ ಗುಟುಕು ನೀರಿನಿಂದ ಶುರುಮಾಡಿ ರೊಟ್ಟಿ-ಪಲ್ಯದ ಊಟಕ್ಕೆ ಮರಳಲು ಸಾಮಾನ್ಯವಾಗಿ ಆರರಿಂದ ಎಂಟು ವಾರ ಹಿಡಿಯುತ್ತದೆ. ಮರಳಿದ ಮೇಲೂ ಊಟದ ಅಳತೆ ಮೊದಲಿನದಲ್ಲ. ಆ ವಾರಗಳನ್ನೂ ಆಮೇಲಿನ ಅಳತೆಯನ್ನೂ ಬೆಳಗಾವಿಯ ಸದಾಶಿವನಗರದಂಥ ಬಡಾವಣೆಗಳಲ್ಲಿ, ಖಾನಾಪುರ ತಾಲ್ಲೂಕಿನ ಮನೆಗಳಲ್ಲಿ ದಿನವೂ ಆಗುವ ಅಡುಗೆಯನ್ನೇ ಮುಂದಿಟ್ಟುಕೊಂಡು ಇಲ್ಲಿ ವಿವರಿಸಲಾಗಿದೆ. ಹಾಗೆ ಮಾಡಲು ಕಾರಣವಿದೆ. ರೋಗಿಯ ಕೈಗೆ ಬರುವ ಆಹಾರ ಪಟ್ಟಿಗಳಲ್ಲಿ ಎಷ್ಟೋ ಓಟ್ಸ್, ಟೋಸ್ಟ್, ಸೂಪು, ಬ್ರೊಕೊಲಿಗಳಿಂದಲೇ ತುಂಬಿರುತ್ತವೆ. ಜೋಳದ ರೊಟ್ಟಿ, ಬ್ಯಾಳಿ, ಝುಣಕ, ಮಡಿಕೆ ಕಾಳು ಉಣ್ಣುವ ಮನೆಯಲ್ಲಿ ಅಂಥ ಪಟ್ಟಿ ಬಹಳ ದಿನ ನಡೆಯುವುದಿಲ್ಲ. ಈ ಸೀಮೆಯ ಅಡುಗೆಯಲ್ಲಿ ಬೇಕಾದ್ದು ಬಹುಮಟ್ಟಿಗೆ ಇದೆ. ಬದಲಾಗಬೇಕಾದ್ದು ಉಣ್ಣುವ ಕ್ರಮ, ತುತ್ತಿನ ಗಾತ್ರ ಮತ್ತು ಬಡಿಸುವವರ ಕೈ.

ಹಿನ್ನೆಲೆ

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲೂ ಗಂಡಸರಲ್ಲೂ ನೂರಕ್ಕೆ ಸುಮಾರು 30 ಮಂದಿಯ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25 ಅಥವಾ ಅದಕ್ಕಿಂತ ಹೆಚ್ಚು. ಇವರಲ್ಲಿ ಆಪರೇಶನ್ ಬೇಕಾಗುವವರು ಸಣ್ಣ ಭಾಗ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 1991ರಲ್ಲಿ ಬಿಎಂಐ 40 ದಾಟಿದವರಿಗೆ, ಸಕ್ಕರೆ ಕಾಯಿಲೆಯಂಥ ತೊಂದರೆ ಇದ್ದರೆ 35 ದಾಟಿದವರಿಗೆ ಎಂದು ಗಡಿ ಹಾಕಿತ್ತು. 2022ರಲ್ಲಿ ಅಂತರರಾಷ್ಟ್ರೀಯ ಸಂಘಗಳು ಆ ಗಡಿಯನ್ನು ಇಳಿಸಿದವು. ಏಷ್ಯಾದವರಿಗೆ ಕಡಿಮೆ ತೂಕದಲ್ಲೇ ಮಧುಮೇಹ, ಹೃದಯರೋಗ ಬರುವುದರಿಂದ 27.5ರಿಂದಲೇ ಯೋಚಿಸಬಹುದೆಂದವು.

ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ 1966ರಲ್ಲಿ ಮಾಡಿದ ಗ್ಯಾಸ್ಟ್ರಿಕ್ ಬೈಪಾಸ್ ಈ ವಿದ್ಯೆಯ ಮೊದಲ ದೊಡ್ಡ ಹೆಜ್ಜೆ. 1994ರ ಹೊತ್ತಿಗೆ ಅದನ್ನು ಹೊಟ್ಟೆ ಕೊಯ್ಯದೆ ಸಣ್ಣ ತೂತುಗಳ ಮೂಲಕ, ದುರ್ಬೀನಿನ ನೆರವಿನಿಂದ ಮಾಡಿ ತೋರಿಸಲಾಯಿತು. ನಮ್ಮಲ್ಲಿ ಇದರ ಹೆಸರು ಮನೆಮಾತಾದದ್ದು ನಿತಿನ್ ಗಡ್ಕರಿ 2011ರಲ್ಲಿ, ಅರುಣ್ ಜೇಟ್ಲಿ 2014ರಲ್ಲಿ ಮಾಡಿಸಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ಬಂದಾಗ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ಕನ್ನಡ ಕಿರುತೆರೆಯ ಯುವನಟಿಯೊಬ್ಬರು ತೀರಿಕೊಂಡರು. ಚರ್ಮದಡಿಯ ಕೊಬ್ಬನ್ನು ಹೀರಿ ತೆಗೆಯುವ ಆ ಬಗೆಯ ಚಿಕಿತ್ಸೆ ಬೇರೆ, ಜಠರದ ಆಪರೇಶನ್ ಬೇರೆ. ಮೊದಲನೆಯದು ಸೌಂದರ್ಯಕ್ಕಾಗಿ, ಅದು ಹಸಿವನ್ನಾಗಲಿ ಊಟವನ್ನಾಗಲಿ ಬದಲಿಸುವುದಿಲ್ಲ.

ಈಗ ಹೆಚ್ಚು ನಡೆಯುವುದು ಸ್ಲೀವ್ ಗ್ಯಾಸ್ಟ್ರೆಕ್ಟಮಿ. ಜಠರದ ಉಬ್ಬಿದ ಹೊರಬದಿಯನ್ನು ಉದ್ದಕ್ಕೂ ಕತ್ತರಿಸಿ, ನೂರಕ್ಕೆ 75ರಿಂದ 80 ಭಾಗ ತೆಗೆದುಬಿಡುತ್ತಾರೆ. ಲೀಟರಿಗಿಂತ ಹೆಚ್ಚು ಹಿಡಿಯುತ್ತಿದ್ದ ಚೀಲ 100ರಿಂದ 150 ಮಿ.ಲೀ. ಹಿಡಿಯುವ ಕೊಳವೆಯಾಗುತ್ತದೆ. ಹಸಿವು ಹುಟ್ಟಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ತೆಗೆದುಹಾಕಿದ ಭಾಗದಲ್ಲೇ. ಹಾಗಾಗಿ ಮೊದಲ ತಿಂಗಳುಗಳಲ್ಲಿ ಎಷ್ಟೋ ಜನರಿಗೆ ಹಸಿವೇ ಆಗುವುದಿಲ್ಲ. ಬೈಪಾಸಿನಲ್ಲಿ ಜಠರದ ಮೇಲ್ತುದಿಯಲ್ಲಿ 15ರಿಂದ 30 ಮಿ.ಲೀ.ನ ಪುಟ್ಟ ಚೀಲವನ್ನಷ್ಟೇ ಉಳಿಸಿ ಅದನ್ನು ಕರುಳಿಗೆ ನೇರವಾಗಿ ಜೋಡಿಸುತ್ತಾರೆ. ಆಹಾರ ಕರುಳಿನ ಮೊದಲ ಭಾಗವನ್ನು ಬಿಟ್ಟು ಮುಂದೆ ಹೋಗುತ್ತದೆ, ಪೋಷಕಾಂಶ ಹೀರುವುದೂ ತಗ್ಗುತ್ತದೆ.

ಬೆಳಗಾವಿಗೆ ವೈದ್ಯಕೀಯ ಊರೆಂಬ ಹೆಸರು ಹಳೆಯದು. ಕೆಎಲ್‌ಇ ಸಂಸ್ಥೆಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜು ಶುರುವಾದದ್ದು 1963ರಲ್ಲಿ. ಅದರ ಬೋಧನಾ ಆಸ್ಪತ್ರೆಯಾದ ಡಾ. ಪ್ರಭಾಕರ ಕೋರೆ ಆಸ್ಪತ್ರೆ ನೆಹರೂ ನಗರದಲ್ಲಿದೆ. ಸರ್ಕಾರಿ ವೈದ್ಯಕೀಯ ಕಾಲೇಜಾದ ಬಿಮ್ಸ್ ಮತ್ತು ಜಿಲ್ಲಾ ಆಸ್ಪತ್ರೆಯೂ ಸದಾಶಿವನಗರಕ್ಕೆ ದೂರವಿಲ್ಲ. ಪುಣೆ, ಮುಂಬಯಿ, ಬೆಂಗಳೂರಿನಲ್ಲಿ ಆಪರೇಶನ್ ಮಾಡಿಸಿಕೊಂಡು ಬಂದವರಿಗೂ ವಾಂತಿ ನಿಲ್ಲದಿದ್ದರೆ ಹೋಗಲು ಜಾಗವುಂಟು. ಖಾನಾಪುರದ ಆಚೆ ಕಣಕುಂಬಿ, ಲೋಂಡಾ ಕಡೆಯ ಮಳೆಕಾಡಿನ ಹಳ್ಳಿಯವರಿಗೆ ಅಷ್ಟು ಸುಲಭವಲ್ಲ. ಅಂಥವರಿಗೆ ಊಟದ ಹಂತಗಳನ್ನು ಬಾಯಿಪಾಠವಾಗುವಷ್ಟು ತಿಳಿಸಿ ಕಳಿಸಬೇಕು.

ದ್ರವದಿಂದ ಮೆತ್ತಗಿನ ಊಟಕ್ಕೆ

ಹಂತಗಳನ್ನು ಇಟ್ಟಿರುವುದು ಹೊಲಿಗೆಯ ಸಲುವಾಗಿ. ಸ್ಟೇಪಲ್ ಪಿನ್ನುಗಳಿಂದ ಮುಚ್ಚಿದ ಗೆರೆ ಮಾಯುವವರೆಗೆ ಒಳಗಿನ ಒತ್ತಡ ಏರಬಾರದು. ಆ ಗೆರೆ ಎಲ್ಲಿಯಾದರೂ ಸೋರಿದರೆ ಜೀವಕ್ಕೆ ಅಪಾಯ. ನಾಡಿಬಡಿತ ಏರುವುದು, ಜ್ವರ, ಹೊಟ್ಟೆನೋವು, ಎಡಭುಜದ ನೋವು ಅದರ ಸೂಚನೆಗಳು. ಇವುಗಳಲ್ಲಿ ಒಂದು ಕಂಡರೂ ಗ್ಯಾಸಿನ ಗುಳಿಗೆ ನುಂಗಿ ಬೆಳಗಾಗಲೆಂದು ಕಾಯಬಾರದು.

ಮೊದಲ ಒಂದೆರಡು ದಿನ ತಿಳಿ ದ್ರವ ಮಾತ್ರ: ನೀರು, ತಿಳಿಯಾದ ಬ್ಯಾಳಿ ಕಟ್ಟು, ಸಕ್ಕರೆ ಹಾಕದ ಎಳನೀರು. ಅಳತೆ ಹದಿನೈದು ನಿಮಿಷಕ್ಕೆ 30 ಮಿ.ಲೀ., ಎಂದರೆ ಔಷಧದ ಬಾಟಲಿಯ ಮುಚ್ಚಳದಲ್ಲಿ ಎರಡು ಮೂರು ಸಲ. ಅಲ್ಲಿಂದ ಎರಡನೇ ವಾರದ ಕೊನೆಯವರೆಗೆ ಪೂರ್ಣ ದ್ರವ. ಕೆನೆ ತೆಗೆದ ಹಾಲು, ನೀರು ಮಜ್ಜಿಗೆ, ಸೋಸಿದ ಕಟ್ಟಿನ ಸಾರು, ನೀರಾಗಿ ಕಾಸಿದ ರಾಗಿ ಅಂಬಲಿ, ಪ್ರೋಟೀನ್ ಪುಡಿ ಕಲಸಿದ ಹಾಲು. ದಿನಕ್ಕೆ ಒಂದೂವರೆ ಲೀಟರಿನಷ್ಟು ದ್ರವ ಹೋಗಬೇಕು. ಒಮ್ಮೆಗೆ ಕುಡಿಯಲಾಗದವರಿಗೆ ಅದು ದಿನವಿಡೀ ಮಾಡುವ ಕೆಲಸ. ಆಪರೇಶನ್ ಆದ ಮೊದಲ ವಾರಗಳಲ್ಲಿ ಜನ ಮತ್ತೆ ಆಸ್ಪತ್ರೆ ಸೇರಲು ಒಂದು ಮುಖ್ಯ ಕಾರಣ ನೀರು ಸಾಲದಿರುವುದೇ.

ಮೂರನೇ ವಾರದಿಂದ ನುಣ್ಣಗೆ ಅರೆದದ್ದು. ಈ ಹಂತಕ್ಕೆ ಹೆಸರುಬೇಳೆಯಂಥ ಸಾಮಾನು ಇನ್ನೊಂದಿಲ್ಲ. ಎರಡು ಹಿಡಿ ಬೇಳೆಯನ್ನು ತಾಸು ನೆನೆಹಾಕಿ, ಚಿಟಿಕೆ ಅರಿಸಿನ, ತುಸು ಶುಂಠಿ ಹಾಕಿ, ಕುಕ್ಕರಿನಲ್ಲಿ ಮಾಮೂಲಿಗಿಂತ ಎರಡು ಸೀಟಿ ಹೆಚ್ಚು ಕೂಗಿಸಬೇಕು. ಮಿಕ್ಸಿಗೆ ಹಾಕಿ, ಜರಡಿಯಲ್ಲಿ ಚಮಚದಿಂದ ತಿಕ್ಕಿ ಸೋಸಿದರೆ ಚಮಚದಿಂದ ಜಾರಿ ಬೀಳುವ ಹದ ಬರುತ್ತದೆ. ಉಪ್ಪು, ಜೀರಿಗೆ ಪುಡಿ, ಅರ್ಧ ಚಮಚ ತುಪ್ಪ ಸಾಕು. ಬ್ಯಾಡಗಿ ಮೆಣಸಿನಕಾಯಿಯ ಒಗ್ಗರಣೆ ಈಗ ಬೇಡ. ಇದರಲ್ಲಿ ರೋಗಿ ಒಂದು ಹೊತ್ತಿಗೆ ತಿನ್ನುವುದು ಎರಡರಿಂದ ನಾಲ್ಕು ಊಟದ ಚಮಚ. ದಿನಕ್ಕೆ ಐದಾರು ಹೊತ್ತು. ಪಾತ್ರೆಯಲ್ಲಿ ಉಳಿದದ್ದನ್ನು ಮನೆಮಂದಿ ಸಾರು ಮಾಡಿಕೊಳ್ಳಬಹುದು. ರೋಗಿಗೆಂದೇ ಬೇರೆ ಒಲೆ ಹಚ್ಚಬೇಕಿಲ್ಲ ಎನ್ನುವುದು ಅಡುಗೆ ಮಾಡುವವರಿಗೆ ದೊಡ್ಡ ಸಮಾಧಾನ. ಅದೇ ಹದದಲ್ಲಿ ಗಟ್ಟಿ ಮೊಸರು, ಹಾಲಿನಲ್ಲಿ ಮಸೆದ ಪನೀರು, ಮೊಟ್ಟೆ ತಿನ್ನುವವರಾದರೆ ಮೆತ್ತಗೆ ಕದಡಿದ ಮೊಟ್ಟೆ ನಡೆಯುತ್ತವೆ. ಬೆಳಗಾವಿ, ಖಾನಾಪುರ ತಾಲ್ಲೂಕಿನ ಕೆಂಪು ಮಣ್ಣಿನಲ್ಲಿ ಹೇರಳವಾಗಿ ಬೆಳೆಯುವ ಗೆಣಸನ್ನು ಬೇಯಿಸಿ ಕಿವುಚಿದರೆ ಗಂಟಲಿಗೆ ಹಿತ. ಆದರೆ ಅದು ಬರೀ ಪಿಷ್ಟ, ಒಂದು ಚಮಚಕ್ಕೆ ನಿಲ್ಲಿಸಬೇಕು.

ಸುಮಾರು ಐದನೇ ವಾರಕ್ಕೆ ಮೆತ್ತಗಿನ ಊಟ: ಜೋಳದ ನುಚ್ಚು ಮಜ್ಜಿಗೆಯಲ್ಲಿ ಕಲಸಿದ್ದು, ಬೇಳೆ ಹೆಚ್ಚಿರುವ ಖಿಚಡಿ, ಬೆಂದ ಸೋರೆಕಾಯಿ, ಗೋವಾ ಕಡೆಯಿಂದ ಬರುವ ಮೀನನ್ನು ಮುಳ್ಳು ಬಿಡಿಸಿ ಹಬೆಯಲ್ಲಿ ಬೇಯಿಸಿದ್ದು. ಅಳತೆ 60ರಿಂದ 120 ಮಿ.ಲೀ. ವಾರಗಳ ಲೆಕ್ಕ ಆಸ್ಪತ್ರೆಯಿಂದ ಆಸ್ಪತ್ರೆಗೆ ಕೊಂಚ ಬೇರೆ. ತನ್ನ ಸರ್ಜನ್ ಹೇಳಿದ ಲೆಕ್ಕವೇ ರೋಗಿಗೆ ಅಂತಿಮ.

ಗಟ್ಟಿ ಊಟ

ಆರರಿಂದ ಎಂಟನೇ ವಾರದ ನಡುವೆ ಗಟ್ಟಿ ಊಟ ಶುರು. ಬೆಳಗಾವಿಯ ತಟ್ಟೆಯಲ್ಲಿ ಮೊದಲು ಕೂರುವುದು ರೊಟ್ಟಿ. ಅದರ ಮೇಲೆ, ಪಕ್ಕದಲ್ಲಿ ಪಲ್ಯ, ಕಾಳು, ಹಿಂಡಿ, ಮೊಸರು. ಕೊನೆಗೆ ಅನ್ನ-ಸಾರು, ಮಜ್ಜಿಗೆ. ಆಪರೇಶನ್ ಆದವರು ಈ ಸಾಲನ್ನು ತಿರುಗಿಸಬೇಕು. ಮೊದಲು ಪ್ರೋಟೀನು: ಕಾಳು, ಗಟ್ಟಿ ಬ್ಯಾಳಿ, ಪನೀರು, ಮೊಟ್ಟೆ, ಕೋಳಿ, ಮೀನು. ಆಮೇಲೆ ಕಾಯಿಪಲ್ಯೆ. ಜಾಗ ಉಳಿದರೆ ರೊಟ್ಟಿ. ಅನ್ನ ಎಲ್ಲಕ್ಕಿಂತ ಕೊನೆಗೆ, ಇಲ್ಲದಿದ್ದರೂ ನಡೆಯುತ್ತದೆ. ಅನ್ನವನ್ನೇ ಮುಖ್ಯ ಮಾಡಿಕೊಂಡ ಖಾನಾಪುರದ ಮಲೆಸೀಮೆಯವರಿಗೆ ಈ ಮಾತು ಕಷ್ಟದ್ದು. ಆದರೆ ಅನ್ನ ಈ ಕಿರುಚೀಲದಲ್ಲಿ ಉಬ್ಬಿ, ಅಂಟಿಕೊಂಡು ಕೂರುತ್ತದೆಂದು ಬಹಳ ರೋಗಿಗಳು ಹೇಳುತ್ತಾರೆ. ಖಿಚಡಿಯಲ್ಲಿ ಬೇಳೆಯ ಜೊತೆ ಮೆತ್ತಗೆ ಬೆಂದದ್ದನ್ನು ಬಿಟ್ಟರೆ, ಮೊದಲ ಮೂರು ತಿಂಗಳು ಅದನ್ನು ದೂರ ಇಡುವುದು ಒಳ್ಳೆಯದು.

ರೊಟ್ಟಿಯ ವಿಷಯದಲ್ಲಿ ಈ ಸೀಮೆಗೆ ಒಂದು ಅನುಕೂಲವಿದೆ. ಬ್ರೆಡ್ಡು, ಪಾವು, ಮೈದಾ ಹಾಗೂ ಗೋಧಿಯ ಮೆತ್ತಗಿನ ಚಪಾತಿ ಅಗಿದಾಗ ಗ್ಲುಟೆನ್ನಿನಿಂದ ಮುದ್ದೆಯಾಗಿ ಸಿಕ್ಕಿಕೊಳ್ಳುತ್ತವೆ. ಬ್ರೆಡ್ಡು ತಡೆಯದೆನ್ನುವುದು ಜಗತ್ತಿನ ಎಲ್ಲೆಡೆ ಇಂಥ ರೋಗಿಗಳ ದೂರು. ಜೋಳದಲ್ಲಿ ಗ್ಲುಟೆನ್ ಇಲ್ಲ. ಬಿಸಿರೊಟ್ಟಿಯ ತುಂಡು ಬಾಯಲ್ಲಿ ಪುಡಿಯಾಗಿ ಹರಡುತ್ತದೆ. ಮೊದಲ ಸಲಕ್ಕೆ ರೊಟ್ಟಿಯ ನಡುವಿನ ತೆಳು ಭಾಗದಿಂದ ಎರಡು ಬೆರಳಗಲದ ಚೂರು ಮುರಿದು, ಅದನ್ನು ಮತ್ತೆ ಉಗುರಿನಗಲದ ನಾಲ್ಕು ತುಣುಕು ಮಾಡಿ, ಬ್ಯಾಳಿಯಲ್ಲಿ ಒಂದು ನಿಮಿಷ ನೆನೆಸಿಟ್ಟು, ಒಂದೊಂದನ್ನೇ ಇಪ್ಪತ್ತೈದು ಮೂವತ್ತು ಸಲ ಅಗಿಯಬೇಕು. ಒಂದು ತುಣುಕು ಇಳಿದು ಒಂದು ನಿಮಿಷವಾದ ಮೇಲೆ ಇನ್ನೊಂದು. ಇಪ್ಪತ್ತು ನಿಮಿಷವಾದರೂ ಆಗಬೇಕು ಊಟಕ್ಕೆ. ಅರ್ಧ ತಾಸು ದಾಟಿದರೆ ತಟ್ಟೆ ಎತ್ತಿಡಬೇಕು. ಕಡಕ್ ರೊಟ್ಟಿಯ ಬಗ್ಗೆ ಎಚ್ಚರ. ಅದು ಸಲೀಸಾಗಿ ಇಳಿಯುತ್ತದೆ, ಚಹಾದ ಜೊತೆಗಂತೂ ಮತ್ತೂ ಸಲೀಸು. ಹಾಗಾಗಿಯೇ ಎಷ್ಟು ತಿಂದೆವೆಂದು ತಿಳಿಯುವುದಿಲ್ಲ. ಚುರುಮುರಿ, ಶೇವು, ಚಕ್ಕುಲಿ, ಐಸ್‌ಕ್ರೀಮುಗಳೂ ಇದೇ ಜಾತಿ. ಹೊಟ್ಟೆ ತುಂಬಿದ ಸೂಚನೆ ಕೊಡದೆ ಜಾರಿಹೋಗುವ ಈ ತಿನಿಸುಗಳೇ ವರ್ಷ ಕಳೆದ ಮೇಲೆ ತೂಕ ಮರಳಿ ತರುತ್ತವೆ.

ಅಳತೆಗೆ ಮನೆಯ ಸಣ್ಣ ಸ್ಟೀಲ್ ವಾಟಿಯೇ ಸಾಕು, ತೂಕದ ಯಂತ್ರ ಬೇಕಿಲ್ಲ. ಹೊಸದಾಗಿ ಗಟ್ಟಿ ಊಟ ಶುರುಮಾಡಿದಾಗ ಒಂದು ಹೊತ್ತಿಗೆ ಎಲ್ಲ ಸೇರಿ ಅರ್ಧ ವಾಟಿ. ಆರು ತಿಂಗಳಿಗೆ ಮುಕ್ಕಾಲರಿಂದ ಒಂದು. ವರ್ಷಕ್ಕೆ ಒಂದರಿಂದ ಒಂದೂವರೆ, ಅಂದರೆ ಅರ್ಧ ಜೋಳದ ರೊಟ್ಟಿ, ಅರ್ಧ ವಾಟಿ ಕಾಳು, ನಾಲ್ಕು ಚಮಚ ಪಲ್ಯ, ನಾಲ್ಕು ಚಮಚ ಮೊಸರು. ಅಲ್ಲಿಗೆ ಬಹುತೇಕ ಜನರ ಊಟ ನಿಲ್ಲುತ್ತದೆ, ನಿಲ್ಲಲೂ ಬೇಕು.

ಪ್ರೋಟೀನಿನ ಗುರಿ ದಿನಕ್ಕೆ 60ರಿಂದ 80 ಗ್ರಾಂ. ಶಾಕಾಹಾರಿ ಮನೆಯಲ್ಲಿ ಲೆಕ್ಕ ಹಾಕಿ ನೋಡಿ. ಅರ್ಧ ಲೀಟರ್ ಹಾಲಿನಲ್ಲಿ ಸುಮಾರು 16 ಗ್ರಾಂ, 50 ಗ್ರಾಂ ಪನೀರಿನಲ್ಲಿ 9, ಎರಡು ಹೊತ್ತಿನ ಗಟ್ಟಿ ಬ್ಯಾಳಿಯಲ್ಲಿ ಎಲ್ಲ ಸೇರಿ 60 ಗ್ರಾಂ ಹಸಿ ಬೇಳೆ ಇದ್ದರೆ 13, 200 ಗ್ರಾಂ ಮೊಸರಿನಲ್ಲಿ 6. ಒಟ್ಟು 44. ಒಂದು ಇಡೀ ಜೋಳದ ರೊಟ್ಟಿ ತಿಂದರೂ ಸಿಗುವುದು ಮತ್ತೆ ನಾಲ್ಕೈದು ಗ್ರಾಂ. ಇಷ್ಟು ತಿನ್ನುವುದೂ ಮೊದಲ ತಿಂಗಳುಗಳಲ್ಲಿ ಆಗದ ಮಾತು. ಆದ್ದರಿಂದಲೇ ವೈದ್ಯರು ಪ್ರೋಟೀನ್ ಪುಡಿ ಬರೆಯುತ್ತಾರೆ. ಅದು ಅಂಗಡಿಯವರ ವ್ಯಾಪಾರವೆಂದು ಬಿಟ್ಟುಬಿಟ್ಟವರ ಸ್ನಾಯು ಕರಗುತ್ತದೆ, ಬಲ ಕುಂದುತ್ತದೆ. ಮೂರರಿಂದ ಆರನೇ ತಿಂಗಳಲ್ಲಿ ಕೂದಲು ಉದುರುವುದು ತೂಕ ಬೇಗ ಇಳಿದ ಪರಿಣಾಮ. ಸಾಮಾನ್ಯವಾಗಿ ಅದು ತಾನಾಗಿ ನಿಲ್ಲುತ್ತದೆ. ಪ್ರೋಟೀನು, ಕಬ್ಬಿಣ ಸಾಲದಿದ್ದರೆ ಹೆಚ್ಚುತ್ತದೆ. ಹುರುಳಿ, ಮಡಿಕೆ, ಹೆಸರು ಈ ಸೀಮೆಯ ದೊಡ್ಡ ಆಸ್ತಿ. ಮೊಳಕೆ ಬರಿಸಿ, ಬೆರಳಿಗೆ ನುರಿಯುವಷ್ಟು ಬೇಯಿಸಿದರೆ ಎರಡನೇ ತಿಂಗಳಿನಿಂದ ತಿನ್ನಬಹುದು. ಹಸಿ ಮೊಳಕೆ ಬೇಡ. ಶೇಂಗಾ ಹಿಂಡಿ ಚಮಚ ಲೆಕ್ಕದಲ್ಲಿ ಇರಲಿ. ಪ್ರೋಟೀನಿನ ಜೊತೆಗೆ ಅದರಲ್ಲಿ ಎಣ್ಣೆಯೂ ಧಾರಾಳ.

ಊಟದ ನಡುವೆ ನೀರು ಕುಡಿಯುವಂತಿಲ್ಲ. ಮಜ್ಜಿಗೆ ಕುಡಿದು ಏಳುವ ನಮ್ಮ ಪದ್ಧತಿಗೆ ಇದು ನೇರ ಎದುರು. ದ್ರವ ಜಾಗ ಹಿಡಿದರೆ ಪ್ರೋಟೀನಿಗೆ ಜಾಗವಿಲ್ಲ, ಅಥವಾ ಅದು ಊಟವನ್ನು ಬೇಗ ಕೆಳಗೆ ತಳ್ಳಿ ಮತ್ತೆ ತಿನ್ನುವಂತೆ ಮಾಡುತ್ತದೆ. ಊಟ ಮುಗಿದು ಅರ್ಧ ತಾಸಾದ ಮೇಲೆ ಮಜ್ಜಿಗೆ ಕುಡಿದರೆ ತೊಂದರೆಯಿಲ್ಲ.

ತಡೆಯದಿದ್ದಾಗ

ತುಂಬಿದ ಸೂಚನೆ ಈಗ ಹೊಟ್ಟೆಯಲ್ಲಿ ಬರುವುದಿಲ್ಲ, ಎದೆಗೂಡಿನ ಕೆಳಗೆ ಒತ್ತಿದಂತೆ ಬರುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಮೂಗು ಸೋರುವುದು. ಅಲ್ಲಿಗೆ ನಿಲ್ಲಿಸಬೇಕು, ಕೈಯಲ್ಲಿರುವ ತುತ್ತನ್ನೂ ತಟ್ಟೆಗೆ ಇಳಿಸಬೇಕು. ಅವಸರದಲ್ಲಿ ನುಂಗಿದ ತುತ್ತು ಸಿಕ್ಕಿಕೊಂಡರೆ ಎದೆ ಹಿಂಡಿದಂತಾಗಿ ಬಾಯ್ತುಂಬ ನೊರೆನೊರೆ ಜೊಲ್ಲು ಬರುತ್ತದೆ. ಕೊನೆಗೆ ಅದೇ ತುತ್ತು ಹೊರಬರುತ್ತದೆ. ನೀರು ಕುಡಿದು ಇಳಿಸಲು ನೋಡಿದರೆ ಸಂಕಟ ಹೆಚ್ಚುತ್ತದೆ. ಎದ್ದು ನಿಧಾನ ಅಡ್ಡಾಡಿ, ಆ ಹೊತ್ತಿನ ಊಟ ಬಿಟ್ಟು, ಮುಂದಿನ ಹೊತ್ತು ಮೆತ್ತಗಿನದಕ್ಕೆ ಹಿಂದಿರುಗಬೇಕು.

ಆದರೆ ಎಲ್ಲ ವಾಂತಿಯೂ ತಿನ್ನುವವರ ತಪ್ಪಲ್ಲ. ಬೈಪಾಸಿನ ಜೋಡಣೆ ಕಿರಿದಾಗುವ ತೊಂದರೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಮೊದಲ ಒಂದೆರಡು ತಿಂಗಳಲ್ಲಿ, ಗಟ್ಟಿ ಊಟ ಶುರುವಾಗುವ ಹೊತ್ತಿಗೇ. ಹೋದ ವಾರ ಖಿಚಡಿ ಇಳಿಯುತ್ತಿದ್ದವರಿಗೆ ಈ ವಾರ ನೀರೂ ಇಳಿಯದೆ ಹೋದರೆ ಎಂಡೊಸ್ಕೋಪಿ ಮಾಡಿ, ಬಲೂನಿನಿಂದ ಹಿಗ್ಗಿಸಬೇಕಾಗುತ್ತದೆ. ಮನೆಯಲ್ಲಿ ‘ಸರಿಯಾಗಿ ಅಗಿದಿಲ್ಲ’ ಎಂದು ಬೈಯುತ್ತ ದಿನ ಕಳೆಯುವುದು ಅನ್ಯಾಯ, ಅಪಾಯವೂ ಹೌದು. ಬಿಡದ ವಾಂತಿಯಲ್ಲಿ ಬಿ1 ಎಂದರೆ ಥಯಾಮಿನ್ ಬತ್ತಿಹೋಗಿ ಕಣ್ಣು ಮಂಜಾಗುವುದು, ನಡಿಗೆ ತಪ್ಪುವುದು, ಬುದ್ಧಿ ಕಲಕುವುದು ಆಗಬಲ್ಲದು. ಇಂಥವರಿಗೆ ಗ್ಲೂಕೋಸ್ ಬಾಟಲಿ ಏರಿಸುವ ಮೊದಲು ಥಯಾಮಿನ್ ಇಂಜೆಕ್ಷನ್ ಕೊಡಬೇಕು. ಹಳ್ಳಿಯ ದವಾಖಾನೆಗೆ ಹೋದವರು ತಮಗೆ ಈ ಆಪರೇಶನ್ ಆಗಿದೆಯೆಂದು ಮೊದಲು ಹೇಳಿಬಿಡುವುದು ಇದಕ್ಕಾಗಿಯೇ ಮುಖ್ಯ.

ಸಿಹಿಯ ತೊಂದರೆ ಬೈಪಾಸಿನವರಿಗೆ ಹೆಚ್ಚು. ಸಕ್ಕರೆ ಒಮ್ಮೆಲೇ ಕರುಳಿಗೆ ಧುಮುಕಿದರೆ ಹತ್ತು ನಿಮಿಷದಿಂದ ಅರ್ಧ ತಾಸಿನೊಳಗೆ ಎದೆಬಡಿತ, ಬೆವರು, ಹೊಟ್ಟೆ ಕಿವುಚುವಿಕೆ, ಭೇದಿ. ಒಂದರಿಂದ ಮೂರು ತಾಸಿನ ನಂತರ ಇನ್ಸುಲಿನ್ ಅತಿಯಾಗಿ ಸುರಿದು ರಕ್ತದ ಸಕ್ಕರೆ ಕುಸಿದು ಕೈಕಾಲು ನಡುಗುವುದೂ ಉಂಟು. ಕುಂದಾ, ಮಾಂಡೆ, ಕರದಂಟಿನ ಜಿಲ್ಲೆಯಿದು, ಮೇಲೆ ಸಕ್ಕರೆ ಕಾರ್ಖಾನೆಗಳ ಜಿಲ್ಲೆ. ಕಬ್ಬಿನ ಹಾಲಿನ ಒಂದು ಗ್ಲಾಸು ಇವರಿಗೆ ಔತಣವಲ್ಲ. ಕಬ್ಬು ಸಿಗಿದು ಅಗಿದಾಗ, ಕಳಲೆ, ನುಗ್ಗೆಕಾಯಿ ತಿಂದಾಗ ನಾರು ನುಂಗಿಹೋದರೆ ಅದು ಗಂಟಾಗಿ ಜೋಡಣೆಯಲ್ಲಿ ಕೂರಬಹುದು.

ಮಧುಮೇಹದ ಗುಳಿಗೆ, ಇನ್ಸುಲಿನ್, ಬಿಪಿ ಗುಳಿಗೆಗಳ ಪ್ರಮಾಣವನ್ನು ಆಪರೇಶನ್ ಆದ ಕೂಡಲೇ ವೈದ್ಯರು ಮತ್ತೆ ನಿಗದಿ ಮಾಡಬೇಕು. ಅರ್ಧ ವಾಟಿ ಉಂಡವರು ಹಳೆಯ ಅಳತೆಯ ಇನ್ಸುಲಿನ್ ತೆಗೆದುಕೊಂಡರೆ ಸಕ್ಕರೆ ಕುಸಿಯುತ್ತದೆ. ಬೈಪಾಸಿನವರು ಮೈಕೈ ನೋವಿಗೆ ಅಂಗಡಿಯಿಂದ ತರುವ ಡೈಕ್ಲೊಫಿನ್ಯಾಕ್, ಐಬುಪ್ರೊಫೆನ್ ಗುಳಿಗೆಗಳನ್ನು ಮುಟ್ಟಬಾರದು, ಹುಣ್ಣಾಗುತ್ತದೆ.

ಬಡಿಸುವವರು, ಹಬ್ಬ, ಉಪವಾಸ

ಈ ಸೀಮೆಯಲ್ಲಿ ಒತ್ತಾಯ ಮಾಡಿ ಬಡಿಸುವುದು ಪ್ರೀತಿಯ ಲಕ್ಷಣ. ‘ಇಷ್ಟ ಉಂಡ್ರ ಹೆಂಗವಾ ತಂಗಿ, ಇನ್ನೊಂದ ಅರ್ಧಾ ರೊಟ್ಟಿ ತಗೋ’ ಎಂದು ಆಯಿ ತಟ್ಟೆಗೆ ಹಾಕಿಯೇ ಬಿಡುತ್ತಾಳೆ. ‘ಸಾಕ ಆಯಿ, ಇದ ಮುಗೀಲಿ ಮೊದಲ’ ಎಂದರೆ ಅದು ಸಂಕೋಚವೆಂದೇ ಲೆಕ್ಕ. ಆಪರೇಶನ್ನಿಗೆ ಮುನ್ನ ಆಹಾರತಜ್ಞರು ರೋಗಿಯ ಜೊತೆ ಅಡುಗೆ ಮಾಡುವ, ಬಡಿಸುವ ಹಿರಿಯರನ್ನೂ ಕೂರಿಸಿ ಮಾತಾಡಬೇಕು. ಇದು ಶಿಷ್ಟಾಚಾರವಲ್ಲ, ಚಿಕಿತ್ಸೆಯ ಭಾಗ. ಅರ್ಧ ವಾಟಿಯೇ ಪೂರ್ತಿ ಊಟವೆಂದು ಆಯಿಗೆ ವೈದ್ಯರ ಬಾಯಿಂದ ಕೇಳಿದರೆ ಒಪ್ಪಿಗೆಯಾಗುತ್ತದೆ, ಮಗಳ ಬಾಯಿಂದ ಕೇಳಿದರೆ ಆಗುವುದಿಲ್ಲ.

ಮದುವೆಯ ಪಂಕ್ತಿಯಲ್ಲಿ, ಶೀಗಿ ಹುಣ್ಣಿಮೆಯ ಹೊಲದೂಟದಲ್ಲಿ ಎಲ್ಲ ಬಗೆಯೂ ಎಲೆಗೆ ಬೀಳುತ್ತದೆ. ಪಲ್ಯ-ಕಾಳುಗಳಿಂದ ಶುರುಮಾಡಿ, ಹೋಳಿಗೆಯಲ್ಲಿ ಒಂದು ಚೂರು ಕೊನೆಗೆ ರುಚಿ ನೋಡಿದರೆ ಸಾಮಾನ್ಯವಾಗಿ ತಡೆಯುತ್ತದೆ. ಬರಿಹೊಟ್ಟೆಗೆ ಸಿಹಿ ತಿಂದರೆ ತಡೆಯುವುದಿಲ್ಲ. ಉಪವಾಸದ ಮಾತು ಬೇರೆ. ಏಕಾದಶಿ, ನವರಾತ್ರಿಯ ಸಾಬುದಾಣಿ ಖಿಚಡಿ ಅಂಟಂಟು ಪಿಷ್ಟ. ಪ್ರೋಟೀನು ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಹಾಲು, ಮೊಸರು, ಪನೀರಿನ ಉಪವಾಸವಾದರೆ ನಡೆದೀತು. ರೋಜಾದಂತೆ ಹಗಲಿಡೀ ನೀರು ಬಿಡುವ ವ್ರತವನ್ನು ಮೊದಲ ವರ್ಷ ಕೈಬಿಡುವುದು ಮೇಲು, ಆಮೇಲೂ ಸರ್ಜನ್ನರನ್ನು ಕೇಳಿಯೇ ಮಾಡಬೇಕು. ಸಾವಜಿ ಖಾನಾವಳಿಯ ಮಟನ್ ಬಯಸುವವರು ಮೂರು ನಾಲ್ಕು ತಿಂಗಳು ತಾಳಬೇಕು. ಕೆಂಪು ಮಾಂಸ ಎಲ್ಲಕ್ಕಿಂತ ತಡವಾಗಿ ಒಗ್ಗುತ್ತದೆ. ಮದ್ಯ ಈ ಆಪರೇಶನ್ನಿನ ನಂತರ ಬೇಗ ರಕ್ತಕ್ಕೆ ಏರುತ್ತದೆ, ಬಹಳ ಹೊತ್ತು ಇರುತ್ತದೆ. ಕುಡಿತದ ಚಟ ಹೊಸದಾಗಿ ಹತ್ತುವ ಅಪಾಯವೂ ದಾಖಲಾಗಿದೆ.

ವರ್ಷಗಳ ಲೆಕ್ಕ

ಅಳತೆ ಇಷ್ಟು ಕಿರಿದಾದ ಮೇಲೆ ಊಟವೊಂದರಿಂದಲೇ ಎಲ್ಲ ಪೋಷಕಾಂಶ ಸಿಗದು. ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಮತ್ತು ಮಲ್ಟಿವಿಟಮಿನ್ ಗುಳಿಗೆಗಳು ಜೀವಮಾನ ಪೂರ್ತಿ ಬೇಕು. ಕ್ಯಾಲ್ಸಿಯಂ ದಿನಕ್ಕೆ 1200ರಿಂದ 1500 ಮಿ.ಗ್ರಾಂ., ಸಿಟ್ರೇಟ್ ರೂಪದ್ದಾದರೆ ಉತ್ತಮ. ಅದನ್ನೂ ಕಬ್ಬಿಣದ ಗುಳಿಗೆಯನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಎರಡು ತಾಸಿನ ಅಂತರ ಇರಬೇಕು. ಕಬ್ಬಿಣದ ಗುಳಿಗೆಯ ಹಿಂದೆಮುಂದೆ ಚಹಾ ಕುಡಿಯಬಾರದು, ಬೆಳಗಾವಿಯಂಥ ಚಹಾದ ಊರಿನಲ್ಲಿ ಇದನ್ನು ಒತ್ತಿ ಹೇಳಬೇಕಾಗುತ್ತದೆ. ಶಾಕಾಹಾರಿಗಳಿಗೆ ಬಿ12 ಮೊದಲೇ ಕಡಿಮೆ ಇರುವುದು ಸಾಮಾನ್ಯವಾದ್ದರಿಂದ ಆಪರೇಶನ್ನಿಗೆ ಮುಂಚೆಯೇ ಪರೀಕ್ಷಿಸಿ ತುಂಬಿಸಿಕೊಳ್ಳುವುದು ಕ್ಷೇಮ. ಹೆಂಗಸರು 12ರಿಂದ 18 ತಿಂಗಳು ಗರ್ಭಧಾರಣೆ ಮುಂದೂಡಬೇಕೆಂಬ ಸಲಹೆಗೆ ಈ ಕೊರತೆಗಳೂ ಒಂದು ಕಾರಣ.

ಎರಡನೇ ವರ್ಷದಲ್ಲಿ ಹಸಿವು ಮರಳುತ್ತದೆ. ಕೊಳವೆ ಸ್ವಲ್ಪ ಸಡಿಲಾಗುತ್ತದೆ, ಒಂದು ರೊಟ್ಟಿ ಪೂರ್ತಿ ಇಳಿಯುವ ದಿನವೂ ಬರುತ್ತದೆ. ಆಪರೇಶನ್ ಕೆಟ್ಟಿತೆಂದು ಬಹಳ ಜನ ಆಗ ಗಾಬರಿಯಾಗುತ್ತಾರೆ, ನಾಚಿಕೆಯಿಂದ ತಪಾಸಣೆಗೆ ಹೋಗುವುದನ್ನೇ ಬಿಡುತ್ತಾರೆ. ಕೊಂಚ ತೂಕ ಮರಳುವುದು ನಿರೀಕ್ಷಿತವೇ. ಹತ್ತು ಕಿಲೋ ಮರಳುವತನಕ ಕಾಯದೆ, ಎರಡು ಮೂರು ಕಿಲೋ ಏರಿದಾಗಲೇ ತಪಾಸಣೆಗೆ ಹೋಗಿ ತಟ್ಟೆಯಲ್ಲಿ ಏನು ಹೆಚ್ಚಿದೆ, ನಡುವೆ ಏನು ಬಾಯಾಡಿಸುತ್ತಿದ್ದೇವೆ ಎಂದು ತೋರಿಸಬೇಕು. ಮೊದಲ ವರ್ಷ ಮೂರು, ಆರು, ಹನ್ನೆರಡನೇ ತಿಂಗಳಲ್ಲಿ, ಆಮೇಲೆ ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಡಿ ಜೀವಸತ್ವ, ಕ್ಯಾಲ್ಸಿಯಂ, ಅಲ್ಬುಮಿನ್ ಪರೀಕ್ಷೆ ಆಗಬೇಕು. ಬೆಳಗಾವಿಯ ಲ್ಯಾಬುಗಳಲ್ಲಿ ಇವು ಆಗುತ್ತವೆ. ಖಾನಾಪುರದವರು ಸುಮಾರು ಇಪ್ಪತ್ತೈದು ಕಿಲೋಮೀಟರ್ ಬಂದು ಒಂದೇ ಬೆಳಗಿನಲ್ಲಿ ರಕ್ತ ಕೊಟ್ಟು ಹೋಗಬಹುದು. ಆಪರೇಶನ್ ಮಾಡಿದ ಸರ್ಜನ್ ದೂರದ ಊರಿನಲ್ಲಿದ್ದರೆ ವರದಿಯನ್ನು ಅವರಿಗೆ ಕಳಿಸಿ, ಅದರ ಒಂದು ಪ್ರತಿಯನ್ನು ಊರಿನ ಡಾಕ್ಟರ ಬಳಿಯೂ ಇಡಬೇಕು.